ಭಾವನ ಪಟ್ಟಿಯಲ್ಲಿ ಮಗಳ ಊರು

ಯಾವುದನ್ನೇ ಆಗಲಿ ‘ಮೊದಲ ಹತ್ತು’ ಎಂದು ಪಟ್ಟಿ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹತ್ತು ಒಳ್ಳೆಯ ಬಿರಿಯಾನಿ ಹೋಟೆಲು, ಹತ್ತು ಒಳ್ಳೆಯ ಹಾಸಿಗೆ ಎಂದು ಬರೆದುಕೊಂಡು ಹಾಳಾಗಿ ಹೋಗಲಿ, ಸಹಿಸಿಕೊಳ್ಳಬಹುದು. ಆದರೆ ‘ಅಮೆರಿಕದ ಹತ್ತು ಅಪಾಯಕಾರಿ ನಗರಗಳು’ ಎಂದು ವಿಡಿಯೋ ಮಾಡಿ, ಹಿಂದೆ ಢಂಢಂ ಸಂಗೀತ ಹಾಕಿ, ನಾಲ್ಕನೆಯ ಸ್ಥಾನದಲ್ಲಿ ನನ್ನ ಮಗಳು ಸಂಸಾರ ಹೂಡಿರುವ ಊರನ್ನು ತಂದು ಕೂರಿಸಿದ ಮಹಾನುಭಾವ ಎದುರಿಗೆ ಸಿಕ್ಕರೆ ನಾನು ಸುಮ್ಮನೆ ಬಿಡುವವನಲ್ಲ. ಆಗ ನಾನಿರುವ ದುಬೈಯ ಅಪರಾಧದ ಲೆಕ್ಕದಲ್ಲಿಯೂ ಒಂದು ಹೆಚ್ಚಾದೀತು.

ಈ ಪಟ್ಟಿ ನಮ್ಮ ಮನೆಗೆ ಬಂದದ್ದು ನನ್ನ ಹೆಂಡತಿಯ ಅಣ್ಣನ ಮೊಬೈಲಿನಲ್ಲಿ. ವಸಂತ ಭಾವನದು ಬರ್ ದುಬೈಯಲ್ಲಿ ಬಟ್ಟೆ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ನೋಡಿ ಸಂಪಾದಿಸಿದ ಜ್ಞಾನವನ್ನೆಲ್ಲ ಭಾನುವಾರ ಮಿರ್ದಿಫ್‌ನ ನಮ್ಮ ಮನೆಗೆ ಊಟಕ್ಕೆ ಬಂದಾಗ ಖಾಲಿ ಮಾಡಿ ಹೋಗುವುದು ಅವರ ಪದ್ಧತಿ. ಆ ಭಾನುವಾರ ನನ್ನ ಹೆಂಡತಿ ಶಶಿಕಲಾ, ಮಗಳು ಅನುಷಾಳ ಬಾಣಂತನಕ್ಕೆ ಹೊರಡಲು ಟಿಕೆಟ್ ಮಾಡಿಸುವ ಗಡಿಬಿಡಿಯಲ್ಲಿದ್ದಳು. ವೀಸಾ ಬಂದಿತ್ತು, ಬಾಣಂತಿ ಲೇಹ್ಯ ಡಬ್ಬಕ್ಕೆ ಬಿದ್ದಿತ್ತು. ಭಾವ ಕೋಳಿ ಸುಕ್ಕಕ್ಕೆ ಕೈ ಹಾಕುವ ಮೊದಲೇ ಮೊಬೈಲನ್ನು ಅವಳ ಮುಖಕ್ಕೆ ಹಿಡಿದರು.

“ನೋಡು ಶಶಿ, ಆ ಊರಿಗೆ ನೀನು ಹೋಗುವುದು ಬೇಡ. ಹಗಲಲ್ಲೇ ಗುಂಡು ಹೊಡೀತಾರಂತೆ. ಅನುಷಾಳನ್ನೇ ಇಲ್ಲಿಗೆ ಕರೆಸು.”

“ಒಂಬತ್ತು ತಿಂಗಳ ಹೊಟ್ಟೆ ಹೊತ್ತವಳನ್ನು ಯಾರು ಭಾವ ವಿಮಾನ ಹತ್ತಿಸುವುದು?” ಎಂದೆ. ಅದಕ್ಕೆ ಅವರಲ್ಲಿ ವಿಡಿಯೋ ಇರಲಿಲ್ಲ. ಆದರೆ ಶಶಿಕಲಾ ಟಿಕೆಟಿನ ಮಾತು ನಿಲ್ಲಿಸಿ ಸುಮ್ಮನೆ ಅನ್ನ ಬಡಿಸತೊಡಗಿದಳು. ಅವಳು ಸುಮ್ಮನಾದರೆ ನನಗೆ ಹೆದರಿಕೆ. ಚೊಚ್ಚಲ ಹೆರಿಗೆಗೆ ಮಗಳ ಪಕ್ಕದಲ್ಲಿ ತಾಯಿ ಇಲ್ಲದೆ ಹೋದರೆ, ಆ ಸಂಕಟ ಜೀವನಪೂರ್ತಿ ನಮ್ಮ ಮನೆಯಲ್ಲೇ ಉಳಿಯುತ್ತದೆ.

ಇದಕ್ಕೆ ಸರಿಯಾಗಿ ಹಿಂದಿನ ತಿಂಗಳಷ್ಟೇ ಅನುಷಾಳ ಬ್ಯಾಗು ಕಳುವಾಗಿತ್ತು. ಕಳುವಾದದ್ದು ಹೇಗೆ ಎಂದು ಕೇಳಿ. ದುಬೈಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಇಲ್ಲಿ ಫುಡ್ ಕೋರ್ಟಿನಲ್ಲಿ ಜಾಗ ಹಿಡಿಯಬೇಕಾದರೆ ನಾವೆಲ್ಲ ಏನು ಮಾಡುತ್ತೇವೆ? ಮೇಜಿನ ಮೇಲೆ ಮೊಬೈಲೋ ಬ್ಯಾಗೋ ಇಟ್ಟು ನಿಶ್ಚಿಂತೆಯಿಂದ ಸಾಲಿನಲ್ಲಿ ನಿಲ್ಲುತ್ತೇವೆ. ಅವಳು ಅಲ್ಲಿಯೂ ಹಾಗೇ ಕುರ್ಚಿಯ ಮೇಲೆ ಬ್ಯಾಗು ಪ್ರತಿಷ್ಠಾಪಿಸಿ ಕಾಫಿ ತರಲು ಹೋದಳು. ಕಳ್ಳನಿಗೆ ಸಿಕ್ಕಿದ್ದು ಒಂದು ಕೊಡೆ ಮತ್ತು ಡಬ್ಬದಲ್ಲಿದ್ದ ತಣ್ಣಗಿನ ಅಕ್ಕಿ ಪುಂಡಿ ಕಡುಬು. ಇವಳು ಶಿಸ್ತಾಗಿ ಪೊಲೀಸರಿಗೆ ದೂರು ಕೊಟ್ಟಳು. ಹೀಗೆ ಆ ಊರಿನ ಅಪರಾಧದ ಮೊತ್ತಕ್ಕೆ ನಮ್ಮ ಮನೆಯಿಂದಲೂ ಒಂದು ಕಾಣಿಕೆ ಸಂದಿತು. “ನೋಡಿ, ನಮ್ಮ ಹುಡುಗಿಯನ್ನೂ ಬಿಡಲಿಲ್ಲ” ಎಂದು ಭಾವ ಅದನ್ನೇ ಹಿಡಿದುಕೊಂಡರು. ತಪ್ಪು ನಾವು ಬೆಳೆಸಿದ ರೀತಿಯದು, ಕೆಟ್ಟ ಹೆಸರು ಊರಿಗೆ! ನನಗೆ ತಡೆಯಲಾಗಲಿಲ್ಲ.

ರುವೈಸಿನ ಎಣ್ಣೆ ಸ್ಥಾವರದಲ್ಲಿ ಸೇಫ್ಟಿ ಆಫೀಸರನಾಗಿ ದುಡಿದು ತಲೆ ಬೋಳಾದವನು ನಾನು. ಅಲ್ಲಿ ಬಾಗಿಲಿಗೆ ಬೆರಳು ಸಿಕ್ಕಿಕೊಂಡರೂ ಒಂದು ಘಟನೆ, ಏಣಿಯಿಂದ ಬಿದ್ದು ಸೊಂಟ ಮುರಿದರೂ ಒಂದು ಘಟನೆ. ಎರಡನ್ನೂ ಕೂಡಿಸಿ ಎರಡು ಎಂದು ವರದಿ ಕೊಟ್ಟಿದ್ದರೆ ನಮ್ಮ ಈಜಿಪ್ಟಿನ ಮ್ಯಾನೇಜರು ‘ಖಲಾಸ್’ ಎಂದು ನನ್ನನ್ನು ಊರಿಗೆ ಕಳಿಸುತ್ತಿದ್ದರು. ಎಷ್ಟು ಸಲ ಆಯಿತು ಎನ್ನುವುದು ಬೇರೆ, ಎಷ್ಟು ಘೋರವಾಯಿತು ಎನ್ನುವುದು ಬೇರೆ. ಈ ವಿಡಿಯೋದವನೋ, ಸೈಕಲ್ ಕದ್ದವನನ್ನೂ ಕೊಲೆ ಮಾಡಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಲೆ ಎಣಿಸಿದ್ದಾನೆ. ಆಮೇಲೆ ಊರಿನ ಜನಸಂಖ್ಯೆಯಿಂದ ಭಾಗಿಸಿ ಲಕ್ಷಕ್ಕೆ ಇಷ್ಟು ಎಂದಿದ್ದಾನೆ. ಆ ಊರಿನಲ್ಲಿ ವಾಸ ಇರುವವರು ಕಡಿಮೆ, ಸುತ್ತಲಿನಿಂದ ಕೆಲಸಕ್ಕೆ ಬಂದುಹೋಗುವವರು ಜಾಸ್ತಿ. ಬಂದವರ ಜೇಬು ಕತ್ತರಿಸಿದರೂ ಲೆಕ್ಕ ಊರಿನವರ ತಲೆಗೆ. ಪಕ್ಕದ ಶಾರ್ಜಾದಿಂದ ದಿನಾ ಬೆಳಿಗ್ಗೆ ಬರುವ ಕಾರುಗಳನ್ನೆಲ್ಲ ದುಬೈಯವರದೇ ಎಂದು ಎಣಿಸಿದ ಹಾಗೆ. ಇನ್ನು, ಪೊಲೀಸರನ್ನು ನಂಬಿ ಜನ ದೂರು ಕೊಡುವ ಊರು ಪಟ್ಟಿಯಲ್ಲಿ ಮೇಲಕ್ಕೇರುತ್ತದೆ. ಹೆದರಿ ಬಾಯಿ ಮುಚ್ಚಿಕೊಂಡ ಊರು ಸಾಧುವಿನ ಹಾಗೆ ಕೆಳಗೆ ಕೂತಿರುತ್ತದೆ. ಗುಂಡು ಹಾರುವುದು ಎಲ್ಲೋ ಮೂಲೆಯ ನಾಲ್ಕು ಬೀದಿಗಳಲ್ಲಿ. ಇದನ್ನೆಲ್ಲ ನಾನು ಸುಕ್ಕದ ಕೈ ಒಣಗುವವರೆಗೆ ವಿವರಿಸಿದೆ.

ಭಾವ ಗಂಭೀರವಾಗಿ ಕೇಳಿ, “ಅದೆಲ್ಲ ಸರಿ ಭಾವ, ಆದ್ರೂ ನಾಲ್ಕನೇ ನಂಬರ್ ಅಲ್ವಾ?” ಎಂದರು.

ಕೊನೆಗೆ ಶಶಿಕಲಾ ಮಗಳಿಗೇ ಫೋನ್ ಮಾಡಿದಳು. “ಇಟ್ಸ್ ಫೈನ್ ಅಮ್ಮಾ, ಪಾರ್ಕಲ್ಲಿ ವಾಕ್ ಮಾಡ್ತಾ ಇದ್ದೇನೆ. ನೀನು ಯಾವಾಗ ಬರೋದು?” ಎಂದಿತು ಆ ಕಡೆಯ ದನಿ. ಶಶಿಕಲಾ ಫೋನ್ ಇಟ್ಟು, “ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವವರು ಬೇರೆ ಯಾರಿದ್ದಾರೆ? ನಾನು ಹೋಗುವವಳೇ” ಎಂದಳು. ಗೆದ್ದದ್ದು ನನ್ನ ಲೆಕ್ಕಾಚಾರ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಹೊರಡುವ ದಿನ ಭಾವನ ಗಾಡಿಯಲ್ಲೇ ವಿಮಾನ ನಿಲ್ದಾಣಕ್ಕೆ ಹೋದೆವು. ಅವಳು ಟ್ರಾಲಿ ತಳ್ಳುತ್ತಿದ್ದಂತೆ ನನ್ನ ಬಾಯಿ ತಾನಾಗಿ ಶುರುವಾಯಿತು. ಕರಿಮಣಿ ಒಳಗೆ ಹಾಕಿಕೋ. ಬಳೆ ಇಲ್ಲೇ ಬಿಚ್ಚಿಕೊಡು. ಕತ್ತಲಾದ ಮೇಲೆ ಹೊರಗೆ ಕಾಲಿಡಬೇಡ. ಯಾರಾದರೂ ದಾರಿ ಕೇಳಿದರೆ ಕಿವಿ ಕೇಳದವಳ ಹಾಗೆ ನಡೆ. ಕಿಟಕಿಯ ಹತ್ತಿರ ನಿಲ್ಲಬೇಡ.

“ಕಿಟಕಿ ಹತ್ತಿರ ಎಂತಕ್ಕೆ ನಿಲ್ಲಬಾರದು? ಗುಂಡು ಹಾರುವುದು ಬೇರೆ ಬೀದಿಯಲ್ಲಿ ಅಂತ ನೀವೇ ಹೇಳಿದ್ದಲ್ವಾ?”

“ಹೇಳಿದ್ದೆ. ಆಗ ನೀನು ಮನೆಯಲ್ಲಿದ್ದೆ.”

ಅವಳು ನಕ್ಕು ಬಳೆಗಳನ್ನು ಬಿಚ್ಚದೆಯೇ ಒಳಗೆ ಹೋದಳು. ವಾಪಸು ಬರುವಾಗ ಭಾವ ನನ್ನ ಮುಖ ನೋಡಿ ಕನಿಕರಪಟ್ಟರು. “ಹೆದರಬೇಡಿ ಭಾವ. ಲಕ್ಷಕ್ಕೆ ಲೆಕ್ಕ ಹಾಕಿದ್ರೆ ಎಂತದೂ ಇಲ್ಲ. ಅದರಲ್ಲಿ ಸೈಕಲ್ ಕಳ್ಳರನ್ನೂ ಸೇರಿಸಿದ್ದಾರೆ, ಗೊತ್ತುಂಟಲ್ಲ?”

ನನಗೆ ಎಲ್ಲಿತ್ತೋ ಸಿಟ್ಟು. “ಲಕ್ಷವಂತೆ ಲಕ್ಷ! ನನಗಿರುವುದು ಒಬ್ಬಳೇ ಹೆಂಡತಿ. ನಿಮಗೆ ಈ ಲೆಕ್ಕವೆಲ್ಲ ಅರ್ಥ ಆಗುವುದಿಲ್ಲ ಭಾವ, ಸುಮ್ಮನೆ ಗಾಡಿ ಓಡಿಸಿ” ಎಂದೆ.