ಐದನೆಯ ಮಹಡಿಯ ಸಾಹೇಬರಿಗೆ, ಬಾಗಿಲಿಲ್ಲದ ವ್ಯಾನಿನ ಕಡೆಯಿಂದ

ನಗರಸಭೆಯ ವಾಹನ ನಿಲುಗಡೆ ಪರವಾನಗಿ ವಿಭಾಗದ ಮಾನ್ಯ ಅಧಿಕಾರಿಗಳೇ,

ಐದು ಮಹಡಿ ಕೆಳಗೆ ನಿಂತು, ಕತ್ತು ನೋಯುವಷ್ಟು ಮೇಲೆ ನೋಡಿ, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಇವತ್ತು ಬುಧವಾರ, ನನಗೆ ಉಪವಾಸ. ಬೆಳಗ್ಗೆ ಎದ್ದು ಬಾಗಿಲು ಗುಡಿಸಿ, ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಮನೆಯವರಿಗೆ ಬುತ್ತಿ ಕಟ್ಟಿ, ವ್ಯಾನಿನ ಗಾಜು ಒರೆಸಿ, ಆಮೇಲೆ ಈ ಕಾಗದಕ್ಕೆ ಕೂತಿದ್ದೇನೆ. ಹಸಿದ ಹೊಟ್ಟೆಯಲ್ಲಿ ಸುಳ್ಳು ಬರೆಯಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ತುಂಬಿದ ಹೊಟ್ಟೆಯ ವಿಷಯ ಅವಳೇನೂ ಹೇಳಿರಲಿಲ್ಲ, ಹಾಗಾಗಿ ತಮ್ಮ ಕಚೇರಿಯಿಂದ ಬರುವ ಕಾಗದಗಳನ್ನೆಲ್ಲ ಊಟವಾದ ಮೇಲೆ ಬರೆದವು ಎಂದೇ ತಿಳಿದು ಗೌರವದಿಂದ ಓದುತ್ತೇನೆ.

ನಾನು ಲಿಫ್ಟ್ ರಿಪೇರಿಯವರ ಹೆಂಡತಿ. ಅವರು ಲಿಫ್ಟ್ ರಿಪೇರಿ ಮಾಡುತ್ತಾರೆ, ನಾನು ವ್ಯಾನು ಓಡಿಸುತ್ತೇನೆ. ಅವರಿಗೆ ಎತ್ತರದ ಭಯವಿಲ್ಲ, ರಸ್ತೆಯ ಭಯವಿದೆ, ನನಗೆ ಅದರ ತಿರುಗುಮುರುಗು, ಹೀಗಾಗಿ ಮೂವತ್ತು ವರ್ಷ ಸಂಸಾರ ನಡೆದಿದೆ. ತಾವು ಕುಳಿತು ಆಡಳಿತ ನಡೆಸುವ ಏಳು ಮಹಡಿಯ ಕಟ್ಟಡದ ಲಿಫ್ಟು ಕೆಟ್ಟು ಇಂದಿಗೆ ಹತ್ತೊಂಬತ್ತು ದಿನವಾಯಿತು, ಅದನ್ನು ಸರಿಮಾಡಬೇಕಾದವರು ನಾವೇ. ಹೊಸ ಮೋಟಾರು ವ್ಯಾನಿನಲ್ಲೇ ಇದೆ. ಮೇವು ತಿಂದು ಮಲಗಿದ ಎಮ್ಮೆಯಷ್ಟು ತೂಕ, ಎಮ್ಮೆಯಷ್ಟೇ ಹಟ. ವ್ಯಾನಿನ ಹಿಂಬದಿಗೆ ಕಟ್ಟಿದ ರಾಟೆಯಿಂದ ಅದನ್ನು ಮೇಲೆತ್ತಬೇಕು, ಅಂದರೆ ವ್ಯಾನು ಕಟ್ಟಡದ ಮುಂದೆ ಮೂರು ಗಂಟೆ ನಿಲ್ಲಬೇಕು. ಕಟ್ಟಡದ ಮುಂದೆ ವಾಹನ ನಿಲ್ಲಿಸುವುದು ನಿಷೇಧ. ಕೆಲಸದ ವಾಹನ ನಿಲ್ಲಿಸಲು ತಮ್ಮ ಪರವಾನಗಿ ಬೇಕು. ಪರವಾನಗಿ ಸಿಗುವುದು ಅದೇ ಕಟ್ಟಡದ ಐದನೆಯ ಮಹಡಿಯಲ್ಲಿ. ಈ ಮಾತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ತಮಗೂ ನಗು ಬಂದೀತು. ಆದರೆ ತಮ್ಮಲ್ಲಿ ಅವು ಬೇರೆ ಬೇರೆ ಫೈಲಿನಲ್ಲಿವೆಯಂತೆ, ಒಂದು ಫೈಲು ಇನ್ನೊಂದರ ಮುಖ ನೋಡುವುದಿಲ್ಲವಂತೆ.

ಇದರಲ್ಲಿ ನಿನಗೇನಮ್ಮ ಅಷ್ಟು ಅವಸರ ಎಂದು ತಾವು ಕೇಳಬಹುದು. ತಮ್ಮ ತಲೆಯ ಮೇಲೆ ಒಂದು ಮಹಡಿ ಬಿಟ್ಟು, ಏಳನೆಯದರ ಬಾಡಿಗೆ ಮನೆಯಲ್ಲಿ, ನನ್ನ ಒಡಹುಟ್ಟಿದ ಅಕ್ಕ ಇದ್ದಾಳೆ. ಕಾಲು ಮುರಿದು, ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು, ಲಿಫ್ಟಿನಲ್ಲಿ ರಾಣಿಯಂತೆ ಮೇಲೆ ಹೋದಳು; ಮಾರನೆಯ ಬೆಳಗ್ಗೆ ಲಿಫ್ಟು ನಿಂತಿತು. ಅಲ್ಲಿಂದ ಎರಡು ವಾರಕ್ಕೆ ಪ್ಲಾಸ್ಟರ್ ಬಿಚ್ಚಿಸಬೇಕಾಗಿತ್ತು, ಹೋದ ಶುಕ್ರವಾರ ಅದು ತಪ್ಪಿತು. ಈ ಶುಕ್ರವಾರವೂ ತಪ್ಪಿದರೆ "ಮಂಡಿ ಬಿಗಿದುಕೊಂಡ್ಬಿಡುತ್ತೆ, ಆಮೇಲೆ ಬಗ್ಗಲಿಲ್ಲ ಅಂತ ನನ್ನ ಹತ್ರ ಬರಬೇಡಿ" ಎಂದು ಡಾಕ್ಟರಮ್ಮ ಫೋನಿನಲ್ಲೇ ಗದರಿದ್ದಾರೆ. ಕುರ್ಚಿಯಲ್ಲಿ ಕೂರಿಸಿ ಇಳಿಸೋಣವೆಂದು ಮನೆಯವರೂ ಪಕ್ಕದ ಮನೆಯ ದರ್ಜಿಯೂ ಎತ್ತಿದರು. ಅಕ್ಕ ನನ್ನ ಎರಡರಷ್ಟು. ಮೊದಲ ತಿರುವಿನಲ್ಲೇ ಕುರ್ಚಿ ಕಿರುಗುಟ್ಟಿತು, ದರ್ಜಿ ಕಿರುಗುಟ್ಟಿದ, ಅಕ್ಕ "ಇಳಿಸ್ರೋ ನನ್ನ, ಇನ್ನೊಂದು ಕಾಲೂ ಮುರೀಬೇಕು ಅಂತಿದೀರಾ!" ಎಂದು ಕೂಗಿದ್ದು ತಮ್ಮ ಕಚೇರಿಗೂ ಕೇಳಿರಬೇಕು. ಈಗ ಹಾಸಿಗೆಯ ಮೇಲೆ ಕೂತು, ಸ್ವೆಟರ್ ಹೆಣೆಯುವ ಕಡ್ಡಿಯನ್ನು ಪ್ಲಾಸ್ಟರಿನೊಳಗೆ ತೂರಿಸಿ ಕೆರೆದುಕೊಳ್ಳುತ್ತಾ, ಒಂದೊಂದು ಕೆರೆತಕ್ಕೆ ಒಂದೊಂದು ಸಲ ತಮ್ಮನ್ನು ನೆನೆಯುತ್ತಾಳೆ. ದೇವರ ನಾಮಕ್ಕಿಂತ ತಮ್ಮ ನಾಮವೇ ಆ ಮನೆಯಲ್ಲಿ ಹೆಚ್ಚಾಗಿದೆ. ಅದು ನನಗೆ ಸ್ವಲ್ಪ ಬೇಸರದ ವಿಷಯ.

ತಮ್ಮ ಕಚೇರಿಯ ಚುರುಕನ್ನು ಹೊಗಳದೆ ಇರಲಾರೆ. ಕಳೆದ ವಾರ ತಮ್ಮ ಜವಾನರು ಏದುಸಿರು ಬಿಡುತ್ತಾ ಒಂದೇ ಲಕೋಟೆಯಲ್ಲಿ ಎರಡು ಕಾಗದ ತಂದುಕೊಟ್ಟರು. ಒಂದರಲ್ಲಿ, ಲಿಫ್ಟನ್ನು ಶುಕ್ರವಾರದೊಳಗೆ ಸರಿಪಡಿಸದಿದ್ದರೆ ಕೆಲಸ ಬೇರೆಯವರಿಗೆ ಕೊಡಲಾಗುವುದು ಎಂದಿತ್ತು. ಇನ್ನೊಂದರಲ್ಲಿ, ಪರವಾನಗಿಯಿಲ್ಲದೆ ಕಟ್ಟಡದ ಮುಂದೆ ವ್ಯಾನು ಕಂಡರೆ ಎಳೆದೊಯ್ಯಲಾಗುವುದು ಎಂದಿತ್ತು. ಎರಡರ ಕೆಳಗೂ ಒಂದೇ ಸಹಿ, ಒಂದೇ ಬಾಲ, ಬಾಲದ ಕೆಳಗೆ ಒಂದೇ ಚುಕ್ಕೆ. ಬೇಗ ಬಾ ಎನ್ನುವುದನ್ನೂ ಬರಬೇಡ ಎನ್ನುವುದನ್ನೂ ಒಂದೇ ಉಸಿರಿನಲ್ಲಿ ಹೇಳುವ ಶಕ್ತಿ ನಮ್ಮಂಥವರಿಗೆಲ್ಲಿ? ನಾವಾದರೆ ಎರಡು ಲಕೋಟೆಗೆ ಖರ್ಚು ಮಾಡುತ್ತಿದ್ದೆವು.

ಪರವಾನಗಿಯ ಅರ್ಜಿಯಲ್ಲಿ "ವಾಹನವನ್ನು ಅಧಿಕಾರಿಗಳ ಸಮಕ್ಷಮ ಹಾಜರುಪಡಿಸತಕ್ಕದ್ದು" ಎಂಬ ಒಂದು ಸಾಲಿದೆ. ಮೊದಲೆಲ್ಲ ತಾವೇ ಕೆಳಗಿಳಿದು ನೋಡುತ್ತಿದ್ದಿರಂತೆ. "ಈಗ ಲಿಫ್ಟಿಲ್ವಲ್ಲಮ್ಮ, ಸಾಹೇಬ್ರು ಬೆಳಗ್ಗೆ ಒಂದ್ಸಲ ಹತ್ತೋದು, ಸಾಯಂಕಾಲ ಒಂದ್ಸಲ ಇಳಿಯೋದು, ಮಧ್ಯದಲ್ಲಿ ದೇವರು ಬಂದ್ರೂ ಇಳಿಯಲ್ಲ" ಎಂದು ಜವಾನರು ಹೇಳಿದರು. ನಮ್ಮ ಮನೆಯವರ ಕಸುಬಿನಲ್ಲಿ ಒಂದು ಪದ್ಧತಿಯಿದೆ: ಯಂತ್ರವನ್ನು ಹೊತ್ತು ತರಲಾಗದಿದ್ದರೆ ಅದರ ನಂಬರಿರುವ ಭಾಗವನ್ನು ಬಿಚ್ಚಿ ತರುತ್ತಾರೆ, ಅಂಗಡಿಯವನು ಅದನ್ನು ನೋಡಿ ಯಂತ್ರವನ್ನೇ ನೋಡಿದಂತೆ ಮಾತಾಡುತ್ತಾನೆ. ಪಾಪ, ಮನೆಯವರು ಕಚೇರಿಯೂ ಹಾಗೇ ಇರುತ್ತದೆಂದು ತಿಳಿದು, ನಂಬರೂ ನಮ್ಮ ಅಂಗಡಿಯ ಹೆಸರೂ ಇರುವ ವ್ಯಾನಿನ ಹಿಂಬಾಗಿಲನ್ನು ಬಿಚ್ಚಿ, ತಲೆಯ ಮೇಲೆ ಹೊತ್ತು, ಐದು ಮಹಡಿ ಹತ್ತಿ ತಮ್ಮ ಮೇಜಿಗೆ ಆನಿಸಿ ನಿಂತರು. ತಾವು ಕನ್ನಡಕ ಸರಿಮಾಡಿಕೊಂಡು, ಹಿಡಿ ತಿರುಗಿಸಿ ನೋಡಿ, "ಬಾಗಿಲು ಸರಿಯಾಗಿದೆ. ಉಳಿದಿದ್ದೆಲ್ಲಿ?" ಎಂದು ಕೇಳಿದಿರಂತೆ. ಆಮೇಲೆ "ಬಾಗಿಲು ಒಂದು, ಪರಿಶೀಲನೆಗೆ ಸ್ವೀಕರಿಸಿದೆ" ಎಂದು ಚೀಟಿ ಬರೆದು ಕೊಟ್ಟು ಬಾಗಿಲನ್ನು ಇಟ್ಟುಕೊಂಡಿರಿ. ಅದು ಈಗ ತಮ್ಮ ಬೀರುವಿನ ಪಕ್ಕ ನಿಂತಿದೆಯಂತೆ, ಹೊಸಬರು ಅದನ್ನು ತಟ್ಟಿ ಒಳಗೆ ಬರಲೇ ಎಂದು ಕೇಳುತ್ತಾರಂತೆ. ನಮ್ಮ ವಾಹನದ ಒಂದು ಭಾಗಕ್ಕಾದರೂ ತಮ್ಮ ಕಚೇರಿಯಲ್ಲಿ ನಿಲ್ಲಲು ಜಾಗ ಸಿಕ್ಕಿತಲ್ಲ, ಅಷ್ಟರ ಮಟ್ಟಿಗೆ ನಾವು ಧನ್ಯರು.

ಉಳಿದ ವ್ಯಾನನ್ನು ನಾನು ಓಡಿಸುತ್ತಲೇ ಇದ್ದೇನೆ. ನಿಂತರೆ ತಪ್ಪು, ಸುತ್ತಿದರೆ ತಪ್ಪಿಲ್ಲವೆಂದು ಬೀದಿಯ ಮೂಲೆಯ ಕಾವಲಿನವನೇ ಹೇಳಿಕೊಟ್ಟ. ಹಿಂಬಾಗಿಲಿಲ್ಲದ ವ್ಯಾನಿನಲ್ಲಿ ಮೋಟಾರನ್ನು ಹಗ್ಗದಿಂದ ಬಿಗಿದು, ನಿನ್ನೆ ಒಂದೇ ದಿನ ಕಟ್ಟಡಕ್ಕೆ ನಲವತ್ತೊಂದು ಸುತ್ತು ಬಂದೆ. ದೇವರಿಗೂ ನಾನು ಇಷ್ಟು ಪ್ರದಕ್ಷಿಣೆ ಹಾಕಿದವಳಲ್ಲ. ಒಳಗೆ ತಾವು ಕೂತಿದ್ದೀರಿ, ಪುಣ್ಯ ಯಾರ ಲೆಕ್ಕಕ್ಕೆ ಹೋಯಿತೋ ತಿಳಿಯದು.

ಆದ್ದರಿಂದ ನನ್ನ ಸಣ್ಣಪುಟ್ಟ ಕೋರಿಕೆಗಳನ್ನು ಮನ್ನಿಸಬೇಕು. ನೆಲದ ಮೇಲೆ ನಿಲ್ಲಿಸುವುದು ನಿಷೇಧವಾದರೆ, ವ್ಯಾನನ್ನು ನೆಲದಿಂದ ಒಂದು ಗೇಣು ಮೇಲೆ ತೂಗುಹಾಕಲು ಅಪ್ಪಣೆ ಕೊಡಿ. ಮನೆಯವರು ಹಗ್ಗ ಕಟ್ಟುವುದರಲ್ಲಿ ಗಟ್ಟಿಗರು. ಅದೂ ಆಗದಿದ್ದರೆ ಕಟ್ಟಡವನ್ನೇ ಮೂರು ಗಂಟೆಯ ಮಟ್ಟಿಗೆ ಮಾರುಕಟ್ಟೆಯ ಹಿಂದಿನ ಬಯಲಿಗೆ ಕಳಿಸಿಕೊಡಿ, ಅಲ್ಲಿ ನಿಲುಗಡೆ ಧಾರಾಳ, ಮುಗಿದ ಕೂಡಲೇ ಗುಡಿಸಿ ಒರೆಸಿ ವಾಪಸ್ಸು ಕಳಿಸುತ್ತೇವೆ. ಇಲ್ಲವೇ ಅಕ್ಕನ ಕಾಲಿಗೇ ಒಂದು ಪರವಾನಗಿ ಬರೆಯಿರಿ, ಪರವಾನಗಿಯಿಲ್ಲದೆ ಹತ್ತೊಂಬತ್ತು ದಿನದಿಂದ ಒಂದೇ ಕಡೆ ನಿಂತಿರುವುದು ಅದೊಂದೇ. ಇವು ಯಾವುವೂ ಕೈಗೂಡದಿದ್ದರೆ, ತಮ್ಮ ಮೇಜಿನ ಮೇಲೇ ಇರುವ ಆ ಹಳದಿ ಪರವಾನಗಿ ಚೀಟಿಗೆ, ಬಾಲದ ಕೆಳಗೆ ಚುಕ್ಕೆಯಿಟ್ಟು, ಒಂದು ಸಹಿ. ಗುರುವಾರ ಅದು ಸಿಕ್ಕರೆ ಸಂಜೆಗೆ ಲಿಫ್ಟು ಓಡುತ್ತದೆ, ಶುಕ್ರವಾರ ಅಕ್ಕ ಇಳಿಯುತ್ತಾಳೆ, ಶನಿವಾರದಿಂದ ತಾವೂ ಇಳಿಯಬಹುದು.

ಮೆಟ್ಟಿಲ ಕೆಳಗಿನ
ತಮ್ಮ ವಿಶ್ವಾಸಿ,
ಲಿಫ್ಟ್ ರಿಪೇರಿಯವರ ಹೆಂಡತಿ

ತಾಜಾ ಕಲಂ: ಉತ್ತರಕ್ಕೆ ಹತ್ತಿ ಬರಲು ನನಗೆ ಎತ್ತರದ ಭಯ, ತಮ್ಮ ಜವಾನರಿಗೂ ಮತ್ತೆ ಮೆಟ್ಟಿಲು ಬೇಡ. ದಿನವೂ ಹನ್ನೊಂದಕ್ಕೆ ನಾನು ಕೆಳಗಿನಿಂದ ಬುಟ್ಟಿಯಲ್ಲಿ ಅಕ್ಕನಿಗೆ ಹಣ್ಣು ತರಕಾರಿ ಇಡುತ್ತೇನೆ, ಅವಳು ಕಿಟಕಿಯಿಂದ ಹಗ್ಗ ಜಗ್ಗಿಕೊಳ್ಳುತ್ತಾಳೆ, ಅದು ತಮ್ಮ ಕಿಟಕಿಯ ಮುಂದೆಯೇ ಹಾದುಹೋಗುತ್ತದೆ. ಸೋಮವಾರ ಆರು ಬಾಳೆಹಣ್ಣು ಹತ್ತಿದವು, ನಾಲ್ಕು ತಲುಪಿದವು. ಅದನ್ನು ನಾವು ಲಂಚವೆಂದು ತಿಳಿದಿಲ್ಲ, ನೈವೇದ್ಯವೆಂದೇ ತಿಳಿದಿದ್ದೇವೆ. ಬುಟ್ಟಿ ಇಳಿಯುವಾಗ ಖಾಲಿ ಇರುತ್ತದೆ. ನಾಳೆ ಅದರೊಳಗೆ ಪರವಾನಗಿ ಹಾಕಿಸಿಕೊಡಿ, ಕೆಳಗೆ ನಾನು ತೆಗೆದುಕೊಳ್ಳುತ್ತೇನೆ. ಬಾಗಿಲು ಹಾಕುವುದು ಬೇಡ, ಅದನ್ನು ಲಿಫ್ಟಿನಲ್ಲಿ ಇಳಿಸಿಕೊಳ್ಳುತ್ತೇವೆ. ಯಾರ ಕೈಯಲ್ಲಿ ಹಾಕಿಸುವುದು ಎಂದು ಯೋಚಿಸಬೇಡಿ, ಸೋಮವಾರದ ಕೈಗೆ ದಾರಿ ಗೊತ್ತಿದೆ.