ಸಿದ್ದಲಿಂಗ ಸರ್ ಲಗ್ನ ಗಟ್ಟಿಯಾದದ್ದು

ಸಿದ್ದಲಿಂಗ ಸರ್ ತಮ್ಮ ಮೊಬೈಲನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಮರೆತು ಕ್ಲಾಸಿಗೆ ಹೋದರು. ಅಷ್ಟೇ ಆದದ್ದು. ಅದು ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು. ಮೂರನೇ ಸಲ ರಿಂಗಾಗುವ ಹೊತ್ತಿಗೆ ಕೊಳಕೂರ ಶಾಲೆಯ ಮಾಸ್ತರರೆಲ್ಲ ಹೊಸ ಕೂಸಿನ ತೊಟ್ಟಿಲು ನೋಡುವವರಂತೆ ಅದರ ಮೇಲೆ ಬಾಗಿದ್ದರು. ಪರದೆಯ ಮೇಲೆ ಇದ್ದದ್ದು ಎರಡೇ ಅಕ್ಷರ: ‘ಜೀವ’.

“ಜೀವವಿಮಾದವರು ಇರಬೇಕ್ರಿ,” ಎಂದರು ಹೆಡ್‌ಮಾಸ್ತರ ದೌಲತರಾಯರು.

“ವಿಮಾದವರ ಹೆಸರ ಯಾರು ಇಷ್ಟು ಅಕ್ಕರೆಲೆ ಬರಕೋತಾರ್ರಿ ಸರ? ಇದು ಹುಡುಗಿ!” ಎಂದರು ಕನ್ನಡ ಕಲಿಸುವ ಸುಭದ್ರಾಬಾಯಿ. ಅವರ ಕಿವಿಗೆ ಬಿದ್ದ ಸುದ್ದಿ ಜೇವರ್ಗಿಗೆ ಬಸ್ಸಿಗಿಂತ ಮೊದಲು ಮುಟ್ಟುತ್ತಿತ್ತು. ಮೇಲಾಗಿ, ತಮ್ಮ ಅಣ್ಣನ ಮಗಳು ಸೃಷ್ಟಿಯನ್ನು ಸಿದ್ದಲಿಂಗ ಸರ್‌ಗೇ ಕೊಡಬೇಕೆಂದು ಅವರು ಎರಡು ವರ್ಷದಿಂದ ಹಟ ಹಿಡಿದಿದ್ದರು.

‘ಜೀವ’ ಹುಡುಗಿಯಲ್ಲ. ಇವರೆಲ್ಲ ದಿನಾ ಜೇವರ್ಗಿಯಿಂದ ಹತ್ತಿ ಬರುವ ಬಸ್ಸಿನ ಕಂಡಕ್ಟರ್ ಅನೀಲಕುಮಾರ. ಆರು ವರ್ಷದಿಂದ ಅವನು ಮತ್ತು ಸಿದ್ದಲಿಂಗ ಸರ್ ಇಬ್ಬರೂ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿದ್ದರು. ಮನೆ ಮಾಲಕರ ಲೆಕ್ಕಕ್ಕೆ ರೂಮ್‌ಮೇಟು. ಬಸ್ಸಿನಲ್ಲಂತೂ “ಸರ, ಸ್ವಲ್ಪ ಮುಂದ ಸರೀರಿ” ಎನ್ನುವುದನ್ನು ಬಿಟ್ಟರೆ ಅನೀಲನ ಬಾಯಿಂದ ಬೇರೆ ಮಾತಿಲ್ಲ. ಅವತ್ತು ಮನೆ ಕೀಲಿ ಸಿಗದೆ ಪಾಪ ಅವನು ಫೋನು ಮಾಡಿದ್ದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಕ್ಕಳ ತನಕ ಹೋಗಿತ್ತು. ಸಿದ್ದಲಿಂಗ ಸರ್ ಕಲಿಸುತ್ತಿದ್ದದ್ದೂ ಜೀವಶಾಸ್ತ್ರವೇ. ಬೋರ್ಡಿನ ಮೇಲೆ ‘ಜೀವಕೋಶ’ ಎಂದು ಬರೆದದ್ದೇ ತಡ, ಇಡೀ ಕ್ಲಾಸು ಕಾದ ಎಣ್ಣೆಯೊಳಗಿನ ಸಾಸಿವೆಯಂತೆ ಸಿಡಿಯಿತು.

ಊಟದ ವೇಳೆಗೆ ಸುಭದ್ರಾಬಾಯಿ ಸಿದ್ದಲಿಂಗ ಸರ್ ಅವರನ್ನು ಬೇವಿನ ಮರದ ಕೆಳಗೆ ಕರೆದರು. ಬಯ್ಯುತ್ತಾರೆ ಅಂದುಕೊಂಡಿದ್ದರು. ನೋಡಿದರೆ ಬಾಯಿಯವರ ಕಣ್ಣಲ್ಲಿ ನೀರು.

“ನಿಮ್ಮನ್ನ ನಂಬಿ ಸೃಷ್ಟಿ ಬ್ಯಾರೆ ವರ ಒಲ್ಲೆ ಅಂದಾಳ್ರಿ. ಯಾರರೆ ಇದ್ರ ಹೇಳಿಬಿಡ್ರಿ. ಹುಡುಗಿನ್ನ ಸುಮ್ಮನ ಕುಂದರಸಬ್ಯಾಡ್ರಿ.”

ಸಿದ್ದಲಿಂಗ ಸರ್ ಇಷ್ಟು ದಿನ ಜಾತಕ, ಹರಕೆ, ತಂಗಿಯ ಲಗ್ನ ಅಂತ ಒಂದೊಂದೇ ನೆವ ಹೇಳುತ್ತ ಬಂದವರು. ಖರೆ ಹೇಳಿದರೆ ನೌಕರಿ ಏನಾಗುತ್ತದೋ? ನಾಳೆ ಯಾವ ತಾಯಿ ತನ್ನ ಮಗನನ್ನು ಇವರ ಕ್ಲಾಸಿಗೆ ಕಳಿಸುತ್ತಾಳೋ? ದೂರದಿಂದಲೇ “ಸರs!” ಎಂದು ಕೂಗಿ ಓಡಿ ಬರುವ ಮಕ್ಕಳು ನಾಳೆಯೂ ಓಡಿ ಬರುತ್ತಾರೋ? ಆದರೆ ಎಲ್ಲೋ ಒಂದು ಪಡಸಾಲೆಯಲ್ಲಿ ಒಬ್ಬ ಹುಡುಗಿ ತಮ್ಮ ಸುಳ್ಳಿನ ಮೇಲೆ ಕಾಯುತ್ತ ಕೂತಿದ್ದಾಳೆ. ಅದನ್ನು ತಾಳಲಾಗಲಿಲ್ಲ.

“ಜೀವ ಹುಡುಗಿ ಅಲ್ರಿ ಬಾಯಿಯವರ. ನಮ್ಮ ಬಸ್ಸಿನ ಕಂಡಕ್ಟರ್ ಅನೀಲಕುಮಾರ.”

“ದೋಸ್ತ ಏನ್ರಿ?”

“ದೋಸ್ತ ಅಲ್ರಿ. ಸೃಷ್ಟಿಗೆ ನೀವು ಏನು ಹುಡುಕಾಕತ್ತೀರಲ್ಲ, ನನಗ ಅವನು ಅದು.”

ಸುಭದ್ರಾಬಾಯಿಯ ಕೈಯಲ್ಲಿನ ರೊಟ್ಟಿ ಬಾಯಿಗೂ ಡಬ್ಬಿಗೂ ನಡುವೆ ನಿಂತುಬಿಟ್ಟಿತು. ಆಮೇಲೆ ಅದನ್ನು ಡಬ್ಬಿಗೇ ಇಟ್ಟು ಕೇಳಿದರು: “ಅಡಗಿ ಯಾರು ಮಾಡ್ತೀರಿ?”

“ಅವನೇರಿ.”

“ಅದಕ್ಕೇ ನಿಮ್ಮ ಡಬ್ಬಿ ಪುಂಡಿಪಲ್ಯಕ್ಕ ಅಷ್ಟು ರುಚಿ!” ಎಂದವರೇ ಎದ್ದು, ಸೆರಗು ಬಿಗಿದುಕೊಂಡು ಸರಸರ ನಡೆದರು.

ಮುಗಿಯಿತು, ಎಂದುಕೊಂಡರು ಸಿದ್ದಲಿಂಗ ಸರ್. ಶಾಲೆ ಬಿಡುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ವಿಚಿತ್ರವೆಂದರೆ ಎದೆ ಹಗುರವಾಗಿತ್ತು. ಯಾರು ಕೇಳಿದರೂ ಹೌದು ಎನ್ನುವುದು, ಇನ್ನು ಓಡುವುದು ಬೇಡ ಎಂದು ಗಟ್ಟಿ ಮಾಡಿಕೊಂಡರು.

ಕೊನೆಯ ಗಂಟೆ ಬಾರಿಸಿತು. ಸ್ಟಾಫ್ ರೂಮಿಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಂತರು. ದೌಲತರಾಯರು ಮುಂದೆ ಬಂದು ಕೈ ಹಿಡಿದರು.

“ಸುಭದ್ರಾಬಾಯಿಯವರು ಎಲ್ಲಾ ಹೇಳಿದ್ರು. ಖರೆ ಏನ್ರಿ?”

“ಹೌದ್ರಿ ಸರ. ಖರೆ ಅದ.”

“ಮತ್ತ ಇದರಾಗ ಮುಚ್ಚಿಡೂದು ಏನಿತ್ರಿ? ಮನಸ್ಸು ಕೂಡಿದ ಮ್ಯಾಲೆ ಮುಗೀತು!” ಎಂದು ತಬ್ಬಿಕೊಂಡರು. ಸಿದ್ದಲಿಂಗ ಸರ್ ಕಣ್ಣು ತುಂಬಿ ಬಂತು. ಇಂಥ ಮನುಷ್ಯನಿಗೆ ಇಷ್ಟು ವರ್ಷ ಹೆದರಿದೆನಲ್ಲ!

“ಅಫಜಲಪುರದ ನರ್ಸ್ ಬಾಯಿ ಅಂತಲ್ರಿ! ನಮಗ ಫೋಟೊನಾದ್ರೂ ತೋರಸ್ರಿ,” ಎಂದ ಡ್ರಿಲ್ ಮಾಸ್ತರ ಮಹೇಶಕುಮಾರ.

ಸಿದ್ದಲಿಂಗ ಸರ್ ತಿರುಗಿ ನೋಡಿದರು. ಸುಭದ್ರಾಬಾಯಿ ಒಂದು ಕಣ್ಣು ಮಿಟುಕಿಸಿ, ಹತ್ತಿರ ಬಂದು ಪಿಸುಗುಟ್ಟಿದರು: “ನಿಮ್ಮ ಗುಟ್ಟು ಸಾಯೂತನಕ ನನ್ನ ಹೊಟ್ಟ್ಯಾಗs. ಯಾರೂ ದಾಟಬಾರದು, ಹಂಗ ನರ್ಸ್ ಬಾಯಿ ಅನ್ನೂ ಗ್ವಾಡಿ ಕಟ್ಟೀನಿ.”

ಜನ್ಮದಲ್ಲಿ ಅವರು ಕಾಪಾಡಿದ ಮೊದಲ ಗುಟ್ಟು ಅದು. ಅಲ್ಲ ಎಂದು ಹೇಳಲು ಸಿದ್ದಲಿಂಗ ಸರ್ ಬಾಯಿ ತೆರೆದರು. ದೌಲತರಾಯರು ಅದರೊಳಗೆ ಒಂದು ಪೇಡೆ ತುರುಕಿದರು.

ಸಂಜೆಯ ಬಸ್ಸಿನಲ್ಲಿ ಪೇಡೆಯ ಡಬ್ಬಿ ಕಂಡಕ್ಟರನ ತನಕ ಹೋಯಿತು. “ತಗೋ ತಮ್ಮಾ, ಮೊದಲು ನೀ ತಿನ್ನಬೇಕು,” ಎಂದು ಸುಭದ್ರಾಬಾಯಿ ಎರಡು ಪೇಡೆ ಕೊಟ್ಟರು.

“ಏನು ವಿಶೇಷರಿ?” ಎಂದ ಅನೀಲಕುಮಾರ.

“ನಮ್ಮ ಸಿದ್ದಲಿಂಗ ಸರ್ ಲಗ್ನ ಗಟ್ಟಿ ಆಗ್ಯದ!” ಎಂದರು ದೌಲತರಾಯರು. “ಇದೇ ಬಸ್ ಮಾಡ್ಕೊಂಡು ಎಲ್ಲಾರೂ ಅಫಜಲಪುರಕ್ಕ ಹೋಗೂದು. ನೀನೂ ಬರಬೇಕು ನೋಡಪಾ.”

ಅನೀಲಕುಮಾರ ಪೇಡೆ ಹಿಡಿದು ನಿಂತ. ಸಿದ್ದಲಿಂಗ ಸರ್ ಮುಖ ನೋಡಿದ, ಸುಭದ್ರಾಬಾಯಿಯ ಮುಖ ನೋಡಿದ. ಏನು ತಿಳಿಯಿತೋ, ನಿಧಾನವಾಗಿ ಅಂದ:

“ನಾ ಇಲ್ದ ಆ ಲಗ್ನ ಹೆಂಗ ಆಗ್ತದ್ರಿ ಸರ?”

ಇಡೀ ಬಸ್ಸು ನಕ್ಕಿತು.

“ಹಂಗಾರ ಹೇಳ್ರಿ ಸರ, ತಾರೀಖು ಯಾವುದು?” ಎಂದು ದೌಲತರಾಯರು ಸಿದ್ದಲಿಂಗ ಸರ್ ಕಡೆ ತಿರುಗಿದರು. ಮಾಸ್ತರರೆಲ್ಲ ಕಿವಿ ನಿಮಿರಿಸಿದರು. ಉತ್ತರಕ್ಕಾಗಿ ಎಲ್ಲರಿಗಿಂತ ಹೆಚ್ಚು ಆಸೆಯಿಂದ ಕಾದು ನಿಂತವನು ಮಾತ್ರ ಕಂಡಕ್ಟರನೇ.