ಕಾನ್ವಿ ಕೋಟೆಯೂ ಕಬ್ಬಿಣದ ಕಪಾಟೂ

ನನಗೆ ಸಿಟ್ಟು ಬರುವುದೇನೋ ನಿಜ, ಆದರೆ ಸಮಯಕ್ಕೆ ಸರಿಯಾಗಿ ಬಂದದ್ದು ಕಡಿಮೆ. ಆಫೀಸಿನಲ್ಲಿ ಬರಬೇಕಾದ ಸಿಟ್ಟು ಮನೆಯ ಲಿಫ್ಟಿನಲ್ಲಿ ಬರುತ್ತದೆ. ಭಾನುವಾರ ಬರಬೇಕಾದದ್ದು ಬುಧವಾರ ಸ್ನಾನ ಮಾಡುವಾಗ ಬಂದು, ನಾನು ಸೋಪಿಗೆ ಬೈಯುತ್ತೇನೆ. ಬಡವನ ಕೋಪ ದವಡೆಗೆ ಮೂಲ ಎಂದು ನನ್ನ ತಾಯಿ ಹೇಳುತ್ತಿದ್ದರು. ಆ ಮಾತನ್ನು ನಾನು ಎಷ್ಟು ಗಟ್ಟಿಯಾಗಿ ನಂಬಿದ್ದೇನೆಂದರೆ ನನ್ನ ಮೂವತ್ತೆರಡು ಹಲ್ಲೂ ಇವತ್ತಿಗೂ ನನ್ನವೇ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ, ಅಬುಧಾಬಿಯಲ್ಲಿದ್ದಾಗ, ಒಂದೇ ಒಂದು ಸಲ ಸರಿಯಾದ ಹೊತ್ತಿನಲ್ಲಿ ಸರಿಯಾದ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು. ಅದನ್ನು ಹೇಳಿಕೊಂಡರೆ ನನ್ನ ಮರ್ಯಾದೆ ಹೆಚ್ಚೀತೆಂಬ ಆಸೆಯಿಂದ ಬರೆಯಲು ಕೂತಿದ್ದೇನೆ.

ನಮ್ಮ ಆಫೀಸು ಅಲ್ ಮೀನಾದಲ್ಲಿತ್ತು. ಕಿಟಕಿ ತೆರೆದರೆ ಮೀನು ಮಾರುಕಟ್ಟೆ, ಮುಚ್ಚಿದರೆ ಏಸಿಯ ಗೊರಗೊರ. ಹಡಗುಕಟ್ಟೆಯ ಕಾಮಗಾರಿಗಳಿಗೆ ನಕ್ಷೆ ಬರೆಯುವುದು ನಮ್ಮ ಕೆಲಸ. ಮ್ಯಾನೇಜರ್ ಗ್ವಿನ್ ಎಂಬುವನು ವೇಲ್ಸ್ ದೇಶದವನು. ಅಪ್ಪಿತಪ್ಪಿ ಅವನನ್ನು ಇಂಗ್ಲೆಂಡಿನವನು ಅಂದರೆ ಆ ದಿನ ಯಾರ ರಜೆಯೂ ಮಂಜೂರಾಗುತ್ತಿರಲಿಲ್ಲ. ಅವನ ಕ್ಯಾಬಿನ್ನಿನ ಗೋಡೆಯ ತುಂಬ ಕೋಟೆಗಳ ಚಿತ್ರ. ಅಲ್ಲಿ ಶುಕ್ರವಾರ ವಾರದ ರಜೆ, ಗುರುವಾರ ಅರ್ಧ ದಿನದ ಕೆಲಸ. ನಾವೆಲ್ಲ ಮನೆಗೆ ಹೊರಡಲು ಚೀಲ ಹೆಗಲಿಗೇರಿಸುವ ಹೊತ್ತಿಗೇ ಅವನಿಗೆ ಇತಿಹಾಸ ಉಕ್ಕಿ ಬರುತ್ತಿತ್ತು. ಏಳುನೂರು ವರ್ಷದ ಹಿಂದೆ ಎಡ್ವರ್ಡ್ ಎಂಬ ಇಂಗ್ಲಿಷ್ ದೊರೆ ಬಂದು ವೇಲ್ಸನ್ನು ಗೆದ್ದು, ಸುತ್ತಲೂ ಕೋಟೆ ಕಟ್ಟಿಸಿ, ಕೋಟೆಯ ಪಕ್ಕದಲ್ಲಿ ಊರು ಕಟ್ಟಿಸಿ, ಆ ಊರಿನಲ್ಲಿ ತನ್ನವರನ್ನು ಇರಿಸಿದ. ವೇಲ್ಸಿನವರು ಹಗಲು ಒಳಗೆ ಬರಬಹುದು, ಕೆಲಸ ಮಾಡಬಹುದು, ಸಂಜೆ ಬಾಗಿಲು ಹಾಕುವ ಮುಂಚೆ ಹೊರಗೆ ಹೋಗಬೇಕು. "ಯೋಚಿಸಿ ನೋಡು! ನಮ್ಮ ನೆಲದಲ್ಲಿ ನಾವು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅಂತ ಬೇರೆಯವನು ಹೇಳುವುದು!" ಎಂದು ಗ್ವಿನ್ ಮೇಜು ಗುದ್ದುತ್ತಿದ್ದ. ಏಳುನೂರು ವರ್ಷದ ಸಿಟ್ಟನ್ನು ಹೀಗೆ ಬಿಸಿಬಿಸಿಯಾಗಿ ಇಟ್ಟುಕೊಂಡವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಣ್ಣಲ್ಲಿ ನೀರು ಕೂಡ ತರುತ್ತಿದ್ದ.

ಈಗ ಕಪಾಟಿನ ವಿಷಯಕ್ಕೆ ಬರುತ್ತೇನೆ. ಗ್ವಿನ್ ಗುದ್ದುತ್ತಿದ್ದ ಮೇಜಿನ ಹಿಂದೆಯೇ ಒಂದು ಬೂದುಬಣ್ಣದ ಕಬ್ಬಿಣದ ಕಪಾಟು ಇತ್ತು. ಅದರೊಳಗೆ ಆಫೀಸಿನ ನಲವತ್ತು ಜನರ ಪಾಸ್‌ಪೋರ್ಟು. ಆ ಕಾಲದಲ್ಲಿ ಗಲ್ಫಿನ ಎಷ್ಟೋ ಕಂಪನಿಗಳಲ್ಲಿ ಇದು ಪದ್ಧತಿ. ಕೆಲಸಕ್ಕೆ ಸೇರಿದ ದಿನ ಪಾಸ್‌ಪೋರ್ಟ್ ಕೊಡಬೇಕು, ಊರಿಗೆ ಹೋಗುವಾಗ ಕೈಗೆ ಸಿಗುತ್ತದೆ, ಬಂದ ಎರಡು ದಿನದಲ್ಲಿ ವಾಪಸು ಇಡಬೇಕು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಚಪ್ಪಲಿ ಬಾಗಿಲ ಹೊರಗೆ ಬಿಡುವಷ್ಟೇ ಸಹಜವಾಗಿ ಬಿಟ್ಟು ಒಳಗೆ ಹೋಗುತ್ತಿದ್ದೆವು. ಕಪಾಟಿನ ಬೀಗದ ಕೈ ಹಮೀದರ ಸೊಂಟದಲ್ಲಿ. ವೀಸಾ, ಪರವಾನಗಿ ಇತ್ಯಾದಿ ಓಡಾಟಗಳಿಗೆಂದೇ ಇದ್ದ ಉಳ್ಳಾಲದ ಬ್ಯಾರಿ ಅವರು. ತುಂಬಾ ಒಳ್ಳೆಯ ಮನುಷ್ಯ.

ಆ ವರ್ಷ ಬೇಸಿಗೆಗೆ ಮೊದಲು ಗ್ವಿನ್ ನನ್ನ ಭುಜ ತಟ್ಟಿ, "ಈ ಸಲ ರಜೆಗೆ ಹೆಂಡತಿ ಮಗಳನ್ನು ಕರೆದುಕೊಂಡು ವೇಲ್ಸಿಗೆ ಬಾ. ನಾನೂ ಅಲ್ಲೇ ಇರುತ್ತೇನೆ. ಕೋಟೆಗಳನ್ನು ನಾನೇ ತೋರಿಸುತ್ತೇನೆ" ಎಂದ. ಆಹ್ವಾನಪತ್ರವನ್ನೂ ತಾನೇ ಬರೆದುಕೊಟ್ಟ. ಹನ್ನೊಂದು ವರ್ಷ ರಜೆಯೆಂದರೆ ಮೈಸೂರು, ಮದುವೆಮನೆ, ಹಲ್ಲಿನ ಡಾಕ್ಟರು ಎಂದು ಕಳೆದಿದ್ದ ನಾವು ಹಿಗ್ಗಿಹೋದೆವು. ಬ್ರಿಟಿಷ್ ವೀಸಾಕ್ಕೆ ಹೋಗುವ ದಿನ ಗೊತ್ತಾಯಿತು. ಪಾಸ್‌ಪೋರ್ಟ್ ಕೊಡಿ ಎಂದು ಹಮೀದರನ್ನು ಕೇಳಿದೆ.

"ಫಾರ್ಮ್ ಉಂಟು ಸಾರ್, ತುಂಬ್ಸಿ. ಮತ್ತೆ ಎರಡು ಜನದ ಜಾಮೀನು ಬೇಕು."

"ಜಾಮೀನು ಯಾಕ್ರೀ?"

"ನೀವು ಓಡಿ ಹೋದ್ರೆ?"

"ಓಡಿ ಹೋಗೋದು ಎಲ್ಲಿಗೆ? ಮ್ಯಾನೇಜರ ಮನೆಗೇ ಹೋಗ್ತಿರೋದು!"

"ಎಂತ ಮಾಡುದು ಮಾರಾಯ್ರೆ, ರೂಲ್ ರೂಲೇ ಅಲ್ವಾ. ಜಾಮೀನಿನವ್ರ ಪಾಸ್‌ಪೋರ್ಟ್ ಹೇಗೂ ನಮ್ಮಲ್ಲೇ ಉಂಟಲ್ಲ, ಕಷ್ಟ ಇಲ್ಲ."

ಇಬ್ಬರ ಕಾಲು ಹಿಡಿದು ಸಹಿ ಹಾಕಿಸಿದೆ. ಕಡೆಯ ಸಹಿ ಗ್ವಿನ್ನನದು. ಅವನು ಫಾರ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಕನ್ನಡಕ ಕೆಳಗಿಳಿಸಿ, "ಪಾಸ್‌ಪೋರ್ಟ್ ಯಾತಕ್ಕೆ ಬೇಕು?" ಎಂದ.

ಬಾ ಎಂದು ಬರೆದುಕೊಟ್ಟವನೇ ಯಾಕೆ ಎಂದು ಕೇಳುತ್ತಿದ್ದಾನೆ! ನನ್ನ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಎಂದಿನಂತೆ ಲಿಫ್ಟಿನಲ್ಲಿ. ಅವನ ಎದುರಿಗೆ ಹಲ್ಲು ಕಿರಿದು, "ಕೋಟೆ ನೋಡಲು ಸಾರ್" ಎಂದಿದ್ದೆ.

ಅಂತೂ ಹೋದೆವು. ಕಾನ್ವಿ ಎಂಬ ಊರಿನ ಕೋಟೆ. ಎಂಟು ದುಂಡು ಬುರುಜು, ಊರನ್ನು ತೋಳಿನಲ್ಲಿ ಅಪ್ಪಿಕೊಂಡಂತೆ ಉದ್ದಕ್ಕೂ ಗೋಡೆ, ಕೆಳಗೆ ನದಿ, ಮೇಲೆ ಚುರ್ರನೆ ಕೊಯ್ಯುವ ಗಾಳಿ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿತ್ತು. ಸುರುಳಿ ಮೆಟ್ಟಿಲು ಹತ್ತುತ್ತಾ ನನ್ನ ಹೆಂಡತಿ ಉಮಾ ಸೀರೆಯನ್ನೂ ಪುಳಿಯೋಗರೆ ಡಬ್ಬಿಯನ್ನೂ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಎಡ್ವರ್ಡನಿಗೆ ಶಾಪ ಹಾಕುತ್ತಾ ಬಂದಳು. ಹನ್ನೆರಡು ವರ್ಷದ ಮಗಳು ಅನಘಾಳಿಗೆ ಹಿಡಿಸಿದ್ದು ಊರಗೋಡೆಯಿಂದ ಸಾಲಾಗಿ ಹೊರಚಾಚಿದ ಹನ್ನೆರಡು ಕಲ್ಲಿನ ಕಕ್ಕಸುಗಳು ಮಾತ್ರ. ಗೋಡೆಯ ಮೇಲೆ ನಿಂತು ಗ್ವಿನ್ ಹೆಬ್ಬಾಗಿಲ ಕಡೆ ಬೆರಳು ತೋರಿಸಿದ. ಗುರುವಾರದ ಮಾತು ಶುರುವಾಯಿತು. "ಹಗಲು ಬಂದು ದುಡಿಯಬೇಕು. ತಮ್ಮ ಇಷ್ಟದಂತೆ ಹೋಗಿ ಬರುವ ಹಾಗಿಲ್ಲ. ಇದಕ್ಕಿಂತ ಅವಮಾನ ಉಂಟೇ?"

ನನ್ನ ಲಿಫ್ಟು ಆ ದಿನ ಅಲ್ಲೇ ಬಂದು ನಿಂತಿರಬೇಕು.

"ಈ ಏರ್ಪಾಡನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ, ಮಿಸ್ಟರ್ ಗ್ವಿನ್" ಎಂದೆ.

"ಎಲ್ಲಿ?" ಎಂದು ಅವನು ಕುತೂಹಲದಿಂದ ಕೇಳಿದ.

"ನಿಮ್ಮ ಕುರ್ಚಿಯ ಹಿಂದಿನ ಕಪಾಟಿನಲ್ಲಿ. ಅದರೊಳಗೆ ನಲವತ್ತು ಜನ ಇದ್ದೇವೆ."

ಅವನ ಮುಖ ಕೆಂಪಾಯಿತು. "ಅದು ಕಂಪನಿಯ ನಿಯಮ. ಕಳೆದುಹೋಗಬಾರದೆಂದು, ನಿಮ್ಮ ಒಳ್ಳೆಯದಕ್ಕೇ."

"ಎಡ್ವರ್ಡ್ ದೊರೆಯೂ ಹಾಗೇ ಹೇಳಿರಬೇಕು! ನಿಮಗೆ ಏಳುನೂರು ವರ್ಷದ ಹಿಂದಿನ ಬಾಗಿಲು ಕಾಣುತ್ತದೆ, ಬೆನ್ನ ಹಿಂದಿನ ಬಾಗಿಲು ಕಾಣುವುದಿಲ್ಲ! ನಾಚಿಕೆಯಾಗಬೇಕು!" ಎಂದು ಇನ್ನೂ ಏನೇನೋ ಹೇಳಿದೆ. ನಡುವೆ ಕನ್ನಡವೂ ಬಂತು. ಅನಘಾ ನನ್ನ ಅಂಗಿ ಜಗ್ಗಿ, "ಅಪ್ಪಾ, ಯು ಆರ್ ಶೌಟಿಂಗ್" ಎಂದಳು. ಪ್ರವಾಸಿಗರು ನನ್ನನ್ನು ಗೈಡ್ ಎಂದು ತಿಳಿದು ಸುತ್ತ ನೆರೆದಿದ್ದರು.

ಅಬುಧಾಬಿಗೆ ಬಂದ ಮೂರನೆಯ ದಿನ ಹಮೀದರು ಪಾಸ್‌ಪೋರ್ಟ್ ಕೇಳಿದರು. ಕೊಡುವುದಿಲ್ಲ ಎಂದೆ. "ಎಂತ ಸಾರ್, ನನ್ನ ತಲೆಗೆ ತರ್ತೀರಾ?" ಎಂದು ಅವರು ಗೋಗರೆದರು. ವಾರದ ನಂತರ ಗ್ವಿನ್ ರಜೆ ಮುಗಿಸಿ ಬಂದ. ನನ್ನನ್ನು ಕರೆಸಿದ. ಖಲಾಸ್, ಕೆಲಸ ಹೋಯಿತು ಎಂದುಕೊಂಡೇ ಒಳಗೆ ಹೋದೆ. ಅವನು ನನ್ನ ಮುಖ ನೋಡದೆ ಹಮೀದರಿಗೆ, "ಕಪಾಟು ತೆರೆ. ಯಾರಿಗೆ ಬೇಕೋ ಅವರಿಗೆಲ್ಲ ಅವರವರದು ಕೊಟ್ಟುಬಿಡು" ಎಂದ. ಅಷ್ಟೇ ಮಾತು. ಮೇಜು ಗುದ್ದಲೂ ಇಲ್ಲ. ಹಮೀದರು ಮೊದಲು ತೆಗೆದದ್ದು ತಮ್ಮದೇ ಪಾಸ್‌ಪೋರ್ಟನ್ನು. ಅದೂ ಅದರೊಳಗೇ ಇತ್ತು! ಫೋಟೋ ನೋಡಿ, "ನನಗೆ ಇಷ್ಟು ಕೂದಲು ಇತ್ತಾ ಮಾರಾಯ್ರೆ!" ಎಂದು ಬೆರಗಾದರು.

ಆ ಸಂಜೆ ಮನೆಯಲ್ಲಿ ನಾನು ಮಾಡಿದ ಭಾಷಣವನ್ನು ಉಮಾ ಈಗಲೂ ಅಣಕಿಸುತ್ತಾಳೆ. ಕಾಫಿ ಲೋಟ ಹಿಡಿದುಕೊಂಡು, ಮನುಷ್ಯನ ಗುರುತನ್ನು ಇನ್ನೊಬ್ಬ ಬೀಗ ಹಾಕಿ ಇಟ್ಟುಕೊಳ್ಳುವುದಕ್ಕಿಂತ ನೀಚತನ ಇಲ್ಲ ಎಂದೆಲ್ಲ ಅಬ್ಬರಿಸಿದೆ. ಅಡುಗೆಮನೆಯ ಬಾಗಿಲಲ್ಲಿ ಜಲಜ ನಿಂತು ಕೇಳುತ್ತಿದ್ದಳು. ಉಮಾ ಶಾಲೆಯಲ್ಲಿ ಪಾಠ ಹೇಳುವವಳು, ಹಾಗಾಗಿ ನಾಲ್ಕು ವರ್ಷದಿಂದ ನಮ್ಮ ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಕಾರ್ಕಳದ ಕಡೆಯ ಈ ಜಲಜ. ನನ್ನ ಹೆಸರಿನ ಮೇಲೆಯೇ ಅವಳ ವೀಸಾ. ನಾವು ವೇಲ್ಸಿನಿಂದ ಬಂದ ಮೇಲೆ ಅವಳು ತಂಗಿಯ ಮದುವೆಗೆ ಊರಿಗೆ ಹೋಗುವುದೆಂದು ಮಾತಾಗಿತ್ತು. ಮದುವೆಗೆ ಹದಿನೈದು ದಿನ ಉಳಿದಿತ್ತು.

"ಸಾರ್, ನಂದೂ ಒಂದು ನಿಮ್ಮ ಬೀರುವಲ್ಲಿ ಉಂಟಲ್ಲ, ಪಾಸ್‌ಪೋರ್ಟು? ಅದು ನಂಗೆ ಕೊಡ್ತೀರಾ?" ಎಂದಳು.

"ನಿನಗ್ಯಾಕೆ ಈಗ? ಎಲ್ಲಾದರೂ ಕಳೆದುಹಾಕಿದರೆ?" ಎಂದುಬಿಟ್ಟೆ.

ಉಮಾ ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಂಡಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಎದ್ದು ಬೀರು ತೆರೆದೆ. ಸೀರೆಗಳ ಕೆಳಗಿನ ಖಾನೆಯಿಂದ ಪಾಸ್‌ಪೋರ್ಟ್ ತೆಗೆದು ಅವಳ ಕೈಗಿಟ್ಟೆ. ನನ್ನ ಹುಟ್ಟುಗುಣ ನೋಡಿ, ಕೊಟ್ಟದ್ದಕ್ಕೆ ಒಂದು ಸಹಿ ಹಾಕಿಸಿಕೊಳ್ಳೋಣವೆಂದು ಪೆನ್ನು ಕೂಡ ಹುಡುಕುತ್ತಿದ್ದೆ. ಅಷ್ಟರಲ್ಲಿ ಜಲಜ ಪುಟ ತಿರುಗಿಸಿ ಮೆಲ್ಲಗೆ ಹೇಳಿದಳು: "ಸಾರ್, ಇದರ ಡೇಟು ಮುಗಿದು ಎರಡು ತಿಂಗಳಾಯ್ತು."

ಮಾರನೆಯ ದಿನ ಅವಳನ್ನು ಕರೆದುಕೊಂಡು ಅರ್ಜಿ ತುಂಬಿಕೊಡುವ ಟೈಪಿಂಗ್ ಅಂಗಡಿಗೆ ಓಡಿದೆ. ಟೈಪು ಮಾಡುವವನು ತಾರೀಖು ನೋಡಿ ಹಣೆ ಚಚ್ಚಿಕೊಂಡ. "ಎರಡು ತಿಂಗಳು ಯಾರೂ ನೋಡಲೇ ಇಲ್ಲವಾ? ಯಾರ ಹತ್ತಿರ ಇತ್ತು ಇದು?" ಎಂದು ಹಿಂದಿಯಲ್ಲಿ ಗದರಿದ.

ನಾನು ಬಾಯಿ ತೆರೆಯುವ ಮೊದಲೇ ಜಲಜ, "ನನ್ನ ಹತ್ರಾನೇ ಇತ್ತು. ನಾನೇ ನೋಡ್ಲಿಲ್ಲ" ಎಂದಳು. ಅವನು ಅವಳಿಗೆ ಮನಸಾರೆ ಬೈದ. ಇಂಥ ಮುಖ್ಯವಾದ ಕಾಗದವನ್ನು ಹೀಗಾ ಇಟ್ಟುಕೊಳ್ಳುವುದು, ಬುದ್ಧಿ ಬೇಡವೇ, ಇನ್ನು ಮೇಲಾದರೂ ಸಾಹೇಬರ ಹತ್ತಿರ ಕೊಟ್ಟು ಭದ್ರವಾಗಿ ಇಡಿಸು ಎಂದ.

ಜಲಜ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು. ಪಕ್ಕದಲ್ಲಿ ನಿಂತಿದ್ದ ನಾನು, ಅವನು ಹೇಳುವುದು ಸರಿ ಎನ್ನುವಂತೆ, ಎರಡು ಸಲ ತಲೆಯಾಡಿಸಿದೆ.